ನೀಲಾವತಿಯಕ್ಕನ ಹನ್ನೆರಡನೇ ದೂರು

ನೆಲ್ಯಹುದಿಕೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟು ನನಗೆ ಹದಿನಾಲ್ಕು ವರ್ಷ. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಕೇಳಿದ ಮಾತು, 'ಸಿದ್ದರಾಜಣ್ಣ, ಇದು ವರ್ಕ್ ಆಗ್ತಿಲ್ಲ.' ಎಂತದು ವರ್ಕ್ ಆಗ್ತಿಲ್ಲ, ಎಲ್ಲಿ ಒತ್ತಿದಿರಿ, ಒತ್ತಿದ ಮೇಲೆ ಎಂತ ಕಾಣಿಸಿತು ಎಂದು ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ಡಾಕ್ಟರ ಮುಂದೆ ಕೂತು 'ಹುಷಾರಿಲ್ಲ' ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡರೆ ಅವರು ತಲೆನೋವಿಗೆ ಕೊಡಬೇಕೋ ಹೊಟ್ಟೆನೋವಿಗೆ ಕೊಡಬೇಕೋ? ನನಗೆ ಸಿಟ್ಟು ಬೇಗ ಬರುತ್ತದೆ, ಇಡೀ ಊರಿಗೆ ಗೊತ್ತು. ಆದರೂ ನನ್ನಲ್ಲಿಗೇ ಬರುತ್ತಾರೆ. ಎದುರಿನ ಅಂಗಡಿಯವನಿಗೆ ನಗಲು ಬರುತ್ತದೆ, ಕೆಲಸ ಬರುವುದಿಲ್ಲ.

ನೀಲಾವತಿಯಕ್ಕ ಅಂಥ ಗಿರಾಕಿಯಲ್ಲ. ಇಲ್ಲಿಂದ ನಾಲ್ಕು ಕಿಲೋಮೀಟರ್ ಆಚೆಯ ಕಾಫಿ ಎಸ್ಟೇಟಿನಲ್ಲಿ ಆಕೆ ರೈಟರ್. ಬೆಳಿಗ್ಗೆ ಹಾಜರಿ ಕರೆದು, ಯಾರು ತೋಟದ ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳಿ ಕಳಿಸುವ ಕೆಲಸ. ಆಕೆಯ ಅಪ್ಪ ಅದೇ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದು ಕಾಫಿ ಕುಯ್ದವನು. ಮಗಳು ಪಿಯುಸಿ ಮುಗಿಸಿ ಇಪ್ಪತ್ತಮೂರನೇ ವಯಸ್ಸಿಗೆ ಹಾಜರಿ ಪುಸ್ತಕ ಹಿಡಿದು ಅದೇ ಲೈನಿನವರ ಮುಂದೆ ನಿಂತಳು. ಮೊದಮೊದಲು ಹೆಸರು ಕರೆದರೆ ಗಂಡಸರು ಓಗೊಡುತ್ತಿರಲಿಲ್ಲವಂತೆ. ಓಗೊಡದವರೆಲ್ಲ ಗೈರು ಎಂದು ಬರೆದಳು. ಮೂರನೇ ದಿನದಿಂದ ಎಲ್ಲರ ಗಂಟಲೂ ಸರಿಯಾಯಿತು. ಮದುವೆ ಯಾಕೆ ಆಗಲಿಲ್ಲ ಅಕ್ಕ ಎಂದು ನಾನೊಮ್ಮೆ ಕೇಳಿದ್ದೆ. 'ಹಾಜರಿಗೆ ಹೊತ್ತಾಗ್ತದೆ ಮಾರಾಯ' ಎಂದು ನಕ್ಕಿದ್ದಳು. ಈಗ ಆಕೆಗೆ ನಲವತ್ತಾರು.

ಎರಡು ವರ್ಷದ ಹಿಂದೆ ಮೈಸೂರಿನ ಒಂದು ಸಣ್ಣ ಕಂಪನಿ ತೋಟಗಳಿಗೆಂದೇ ಒಂದು ಚಾಟ್ ಆ್ಯಪ್ ಮಾಡಿಕೊಟ್ಟಿತು. ಅದು ಮುಖ್ಯವಾಗಿ ಆನೆಗಾಗಿ. ಆಕೆಯ ತೋಟದಲ್ಲಿ ಆನೆ ಕಾವಲಿಗಿದ್ದವನು ಜವರ, ಓದು ಬರಹ ಬಾರದವನು. ಅವನು ಆನೆಯ ಚಿತ್ರ ಒತ್ತಿ, ಬ್ಲಾಕಿನ ಚಿತ್ರ ಒತ್ತಿದರೆ ಸಾಕು, 'ಆನೆ, ಕೆರೆ ಬ್ಲಾಕ್' ಎಂದು ರೈಟರ ಫೋನಿಗೆ ಬರುತ್ತದೆ. ಕೆಳಗೆ ಎಷ್ಟು ಗಂಟೆ ಎಂದೂ ಇರುತ್ತದೆ. ಅದನ್ನು ನೋಡಿ ನೀಲಾವತಿಯಕ್ಕ ಜನರನ್ನು ಬೇರೆ ಕಡೆ ಕಳಿಸಬೇಕು.

ಈ ಜನವರಿಯ ಕಾಫಿ ಪಿಕ್ಕಿಂಗಿನ ಒಂದು ಬೆಳಿಗ್ಗೆ ಹಾಜರಿ ಮುಗಿಯುವ ಹೊತ್ತಿಗೆ ಆ ಸಂದೇಶ ಬಂತು. ಕೆಳಗೆ 7.40 ಎಂದಿತ್ತು. ಕೆರೆ ಬ್ಲಾಕಿನಲ್ಲಿ ಆನೆ ಈಗ ಉಂಟು ಎಂದುಕೊಂಡು ಆಕೆ ಜನರನ್ನು ಬೇಲಿ ಬ್ಲಾಕಿಗೆ ಕಳಿಸಿದಳು. ಆನೆಗಳು ಕೆರೆ ಬ್ಲಾಕ್ ದಾಟಿ ಬೇಲಿ ಬ್ಲಾಕಿಗೆ ಬಂದು ಆಗಲೇ ಒಂದು ಗಂಟೆ ಕಳೆದಿತ್ತು. ಎಂಟೂಕಾಲಿಗೆ ಅಲ್ಲಿ ಆನೆ ತುಳಿದು ಮಾದಿ ಸತ್ತಳು. ಮಾದಿ ಜವರನ ಹೆಂಡತಿ.

'ನಾ ಆರಕ್ಕೇ ಒತ್ತಿದ್ದು ಸ್ವಾಮಿ' ಎಂದು ಜವರ ಬಡಿದುಕೊಂಡ. ಅವನ ಫೋನಿನಲ್ಲಿ 6.05 ಎಂದೇ ಇತ್ತು. ಮ್ಯಾನೇಜರ್ ರೈಟರ ಫೋನು ನೋಡಿದರು, ಅಲ್ಲಿ 7.40. ಓದಿದವಳ ಫೋನು ನಿಜ, ಓದದವನ ಫೋನು ಸುಳ್ಳು ಎಂದಾಯಿತು. ಆನೆ ನೋಡಿ ಸುಮ್ಮನೆ ಮಲಗಿದ್ದ, ಹೊತ್ತು ಮೀರಿದ ಮೇಲೆ ಒತ್ತಿದ, ಆಮೇಲೆ ಫೋನಿನ ಗಂಟೆ ತಿರುಗಿಸಿದ ಎಂದರು. ಕಾವಲಿನಿಂದ ತೆಗೆದರು. ಹೆಂಡತಿಯನ್ನು ತಾನೇ ಕೊಂದವನು ಎಂದು ಲೈನಿನಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ಹತ್ತು ದಿನ ಬಿಟ್ಟು ನೀಲಾವತಿಯಕ್ಕ ನನ್ನ ಅಂಗಡಿಗೆ ಬಂದಳು. ಅತ್ತ ಮುಖವಲ್ಲ, ನಿದ್ದೆಗೆಟ್ಟ ಮುಖವೂ ಅಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎಲ್ಲೋ ನೋಡುವವರ ಮುಖ.

'ಜವರ ಸುಳ್ಳು ಹೇಳುವವನಲ್ಲ ಸಿದ್ದರಾಜು. ಇಪ್ಪತ್ತು ವರ್ಷ ಹಾಜರಿ ಕರೆದಿದ್ದೇನೆ, ನಂಗೆ ಗೊತ್ತುಂಟು. ಆ್ಯಪಿನದ್ದೇ ತಪ್ಪು ಅಂದೆ. ಕಂಪನಿಯವರು ಒಪ್ಪಿದ್ರೆ ಅವನನ್ನ ಮತ್ತೆ ತಗೊಳ್ತೇನೆ ಅಂತ ಮ್ಯಾನೇಜರ್ ಹೇಳಿದ್ದಾರೆ. ಕಂಪನಿಯವರು ಒಪ್ಪುದಿಲ್ಲ.'

ಆ್ಯಪಿನಲ್ಲೇ 'ಸಹಾಯ' ಎಂಬ ಒಂದು ಚಾಟ್ ಉಂಟು. ಅದರಲ್ಲಿ ಆಕೆ ಹನ್ನೊಂದು ಸಲ ಬರೆದಿದ್ದಳು. ಹನ್ನೊಂದಕ್ಕೂ ಒಂದೇ ಉತ್ತರ: 'ನಿಮ್ಮ ಅನಿಸಿಕೆಗೆ ಧನ್ಯವಾದ. ನೆಟ್‌ವರ್ಕ್ ಪರಿಶೀಲಿಸಿ.' ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಆಕೆ ಬರೆದದ್ದನ್ನು ಓದಿದ ಮೇಲೆ ಆಕೆಯ ಮೇಲೂ ಸಿಟ್ಟು ಬಂತು.

'ಅಲ್ಲ ಅಕ್ಕ, ಇದೆಂತದು? ಒಂದರಲ್ಲೇ ಆ್ಯಪ್ ನಿಧಾನ ಅಂತೀರಿ, ಅಕ್ಷರ ಸಣ್ಣ ಅಂತೀರಿ, ಮ್ಯಾನೇಜರ್ ನಂಬ್ತಿಲ್ಲ ಅಂತೀರಿ, ಮಾದಿ ಸತ್ತಳು ಅಂತೀರಿ. ಅಲ್ಲಿ ಕೂತವರು ಇದರಲ್ಲಿ ಎಂತ ರಿಪೇರಿ ಮಾಡ್ಬೇಕು?'

'ಆದದ್ದನ್ನೇ ಬರೆದೆ.'

'ಆದದ್ದು ಬೇಡ. ಅವರ ಫೋನಿನಲ್ಲೂ ಅದೇ ಆಗುವ ಹಾಗೆ ಬರೀಬೇಕು.'

ಜವರನ ಫೋನನ್ನೂ ಆಕೆ ತಂದಿದ್ದಳು. ಎರಡನ್ನೂ ಮೇಜಿನ ಮೇಲಿಟ್ಟೆ. ಆಕೆಯ ಫೋನಿನ ನೆಟ್ ಬಂದ್ ಮಾಡಿ, ಜವರನ ಫೋನಿನಿಂದ ಆನೆ ಒತ್ತಿದೆ. ಆಗ 11.10. ಚಹಾ ತರಿಸಿ ಕುಡಿದೆವು. 11.17ಕ್ಕೆ ಆಕೆಯ ಫೋನಿನ ನೆಟ್ ಹಾಕಿದೆ. ಟಿಂಗ್ ಎಂದಿತು. ಕೆಳಗೆ 11.17. ಮತ್ತೆರಡು ಸಲ ಮಾಡಿದೆ, ಮತ್ತೆರಡು ಸಲವೂ ಹಾಗೇ. ಈ ಆ್ಯಪ್ ಕಳಿಸಿದ ಗಂಟೆಯನ್ನು ತೋರಿಸುತ್ತಿರಲಿಲ್ಲ, ಬಂದು ಮುಟ್ಟಿದ ಗಂಟೆಯನ್ನು ತೋರಿಸುತ್ತಿತ್ತು. ಅವತ್ತು ಜವರನಿದ್ದ ಗುಡ್ಡದಲ್ಲಿ ನೆಟ್‌ವರ್ಕ್ ಇತ್ತು, ಹಾಜರಿ ಕರೆಯುವ ಅಂಗಳಕ್ಕೆ ಅದು ಬಂದದ್ದು 7.40ಕ್ಕೆ. ಅಷ್ಟೇ ಸಂಗತಿ.

'ಇಷ್ಟೇನಾ?' ಎಂದಳು ನೀಲಾವತಿಯಕ್ಕ. ಲೋಟದಲ್ಲಿ ಉಳಿದಿದ್ದ ಚಹಾ ಕುಡಿದಳು.

ಹನ್ನೆರಡನೆಯದನ್ನು ಇಬ್ಬರೂ ಕೂತು ಬರೆದೆವು. ಒಂದೇ ತೊಂದರೆ. ಎರಡು ಫೋನುಗಳ ಹೆಸರು, ಆ್ಯಪಿನ ಯಾವ ಆವೃತ್ತಿ, ಮೊದಲು ಎಂತ ಮಾಡಿದೆವು, ಆಮೇಲೆ ಎಂತ ಮಾಡಿದೆವು. 11.10 ಎಂದು ಕಾಣಬೇಕಿತ್ತು, 11.17 ಎಂದು ಕಂಡಿತು, ಮೂರು ಸಲ ಮಾಡಿದೆವು, ಮೂರು ಸಲವೂ ಹೀಗೇ. ಎರಡೂ ಪರದೆಗಳ ಚಿತ್ರ ಜೊತೆಗಿಟ್ಟೆವು. ಕೊನೆಗೆ ಆಕೆ ತಾನೇ ಒಂದು ಸಾಲು ಸೇರಿಸಿದಳು: 'ಇದರಿಂದ ನಮ್ಮ ಮಾದಿ ಸತ್ತಳು.'

'ಅದು ಬೇಡ ಅಕ್ಕ. ಅದನ್ನ ನೋಡಿದ ಕೂಡಲೇ ಯಾರೋ ಜಗಳಕ್ಕೆ ಬಂದ್ರು ಅಂತ ಮುಚ್ಚಿಬಿಡ್ತಾರೆ.'

'ತೆಗೀಬೇಕಾ?'

'ತೆಗೀರಿ.'

ಆಕೆ ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಅಳಿಸಿದಳು. ಹಾಗೆ ಹೇಳಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಆದರೆ ನಾನು ಹೇಳಿದ್ದೇ ಸರಿಯಾಯಿತು. ಎರಡು ಗಂಟೆಯೊಳಗೆ ಲಿಖಿತಾ ಎಂಬ ಹುಡುಗಿಯಿಂದ ಉತ್ತರ ಬಂತು.

'ಇಷ್ಟು ಸ್ಪಷ್ಟವಾಗಿ ಯಾರೂ ಬರೆದಿರಲಿಲ್ಲ ಮೇಡಂ. ನಮ್ಮಲ್ಲೂ ಹಾಗೇ ಆಯಿತು. ತಪ್ಪು ನಮ್ಮದೇ, ನಾಳೆ ಸರಿ ಮಾಡುತ್ತೇವೆ. ಒಂದು ವಿಷಯ, ಸರಿ ಮಾಡಿದ ಮೇಲೆ ಹಳೆಯ ಸಂದೇಶಗಳ ಗಂಟೆಯೂ ಬದಲಾಗಿ, ಕಳಿಸಿದ ಗಂಟೆಯೇ ಕಾಣುತ್ತದೆ. ಹಳೆಯದು ಹಾಗೇ ಇರಲಿ ಎಂದರೆ ಬಿಡುತ್ತೇವೆ. ಏನು ಮಾಡಲಿ?'

ನನಗೆ ತಟ್ಟನೆ ಹೊಳೆಯಿತು. 'ಬೇಡ ಅನ್ನಿ ಅಕ್ಕ. ನಿಮ್ಮ ಫೋನಿನಲ್ಲಿ 6.05 ಅಂತ ಬಂದ್ರೆ ನೋಡಿದವರು ಎಂತ ಅಂತಾರೆ? ಬೆಳಿಗ್ಗೆ ಆರಕ್ಕೆ ಬಂದ ಸಂದೇಶ ಇಟ್ಕೊಂಡು ಏಳೂ ನಲವತ್ತಕ್ಕೆ ಆನೆ ಹೋದ ಕಡೆಗೇ ಜನ ಕಳಿಸಿದ್ದು ಅಂತಾರೆ. ನಿಮ್ಮ ತಲೆಗೇ ಬರ್ತದೆ. ಕಂಪನಿ ಒಪ್ಪಿದ್ದು ಈ ಚಾಟಲ್ಲೇ ಉಂಟಲ್ಲ, ಅದನ್ನೇ ತೋರ್ಸುವ.'

'ಲೈನಿನವರಿಗೆ ಇದನ್ನ ಓದ್ಲಿಕ್ಕೆ ಬರ್ತದಾ? ಗಂಟೆ ಆದ್ರೆ ಎಲ್ಲರಿಗೂ ಗೊತ್ತಾಗ್ತದೆ' ಎಂದಳು. 'ಬದಲಾಗಲಿ' ಎಂದು ಬರೆದು ಕಳಿಸಿದಳು.

ಮರುದಿನ ಸಂಜೆ ಅಪ್‌ಡೇಟ್ ಬಂತು. ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆದರೂ ಬಂತು. ಮ್ಯಾನೇಜರ್ ಕಂಪನಿಯ ಉತ್ತರ ಓದಿ, ಜವರನನ್ನು ಮತ್ತೆ ಕಾವಲಿಗೆ ತೆಗೆದುಕೊಳ್ಳುತ್ತೇನೆ ಎಂದರು. ಲೈನಿನವರಿಗೆ ನಾನೇ ಹೇಳಬೇಕು ಎಂದು ನೀಲಾವತಿಯಕ್ಕ ಹೊರಟಳು. ನನ್ನ ಬೈಕಿನಲ್ಲೇ ಹೋದೆವು. ಜವರನ ಮನೆ ಮುಂದೆ ನಿಂತು, ಹಾಜರಿ ಕರೆಯುವ ಗಟ್ಟಿ ದನಿಯಲ್ಲೇ ಎಲ್ಲರನ್ನೂ ಕರೆದಳು. ಫೋನು ಎತ್ತಿ ಹಿಡಿದಳು.

'ನೋಡಿ. ಆರೂ ಐದು. ಜವರ ಹೇಳಿದ್ದೇ ನಿಜ. ಅವನು ತಡ ಮಾಡ್ಲಿಲ್ಲ.'

ಫೋನು ಕೈಯಿಂದ ಕೈಗೆ ಹೋಯಿತು. ಹೆಂಗಸರು ಅಯ್ಯೋ ಎಂದರು. ಇಷ್ಟು ದಿನ ಮಾತು ಬಿಟ್ಟಿದ್ದ ಪಕ್ಕದ ಮನೆಯವನು ಜವರನ ಹೆಗಲ ಮೇಲೆ ಕೈಯಿಟ್ಟ. ಫೋನು ಕೊನೆಗೆ ಜವರನ ಕೈಗೆ ಬಂತು. ಅವನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಬಹಳ ಹೊತ್ತು ನೋಡಿದ.

'ನಾ ಆರಕ್ಕೇ ಒತ್ತಿದ್ದೆ. ನಿಮ್ಗೂ ಆರೂ ಐದು ಅಂತ್ಲೇ ಉಂಟು' ಎಂದ. 'ಮತ್ತೆ ಅವಳನ್ನ ಅಲ್ಲಿಗೆ ಎಂತಕ್ಕೆ ಕಳ್ಸಿದ್ದು ರೈಟರಮ್ಮ?'

ನಾನು ಮುಂದೆ ನುಗ್ಗಿದೆ. ಅವತ್ತು 7.40 ಅಂತ ಕಾಣ್ತಿತ್ತು, ಈಗ ಬದಲಾಗಿದೆ, ನನ್ನ ಹತ್ತಿರ ಸಾಕ್ಷಿ ಎಲ್ಲ ಉಂಟು ಎಂದು ಕೂಗಿದೆ. 'ಮೊಬೈಲ್ ಅಂಗಡಿಯವರಿಗೆ ಎಂತ ಬೇಕಾದ್ರೂ ಬದಲಾಯಿಸ್ಲಿಕ್ಕೆ ಬರ್ತದೆ' ಎಂದಿತು ಹಿಂದಿನಿಂದ ಒಂದು ಹೆಂಗಸಿನ ದನಿ.

'ನೀನು ಸುಮ್ಮನಿರು ಸಿದ್ದರಾಜು' ಎಂದಳು ನೀಲಾವತಿಯಕ್ಕ. 'ಸಂದೇಶ ಹಳೇದು ಅಂತ ನಂಗೆ ಗೊತ್ತಾಗ್ಲಿಲ್ಲ ಜವರ. ಕಳಿಸಿದ್ದು ನಾನೇ.'

ಜವರ ಫೋನನ್ನು ಆಕೆಯ ಕೈಗೆ ಕೊಟ್ಟ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಜನ ಒಬ್ಬೊಬ್ಬರೇ ಆಕೆಯಿಂದ ದೂರ ಸರಿದು ನಿಂತರು. ಬನ್ನಿ ಅಕ್ಕ, ಹೋಗುವ ಎಂದೆ.

'ಅವನ ಮೇಲಿದ್ದದ್ದು ಹೋಯ್ತಲ್ಲ' ಎಂದಳು. ಆಮೇಲೆ ಅತ್ತಳು, ಅಷ್ಟು ಜನರ ಎದುರಿಗೆ, ಬಾಯಿಗೆ ಸೆರಗನ್ನೂ ಒತ್ತಿಕೊಳ್ಳದೆ.