ಸಿದ್ದಣ್ಣನ ಕಂದು ಸೀಸೆ

ತಿ. ನರಸೀಪುರದಲ್ಲಿ ನಾನು ಓದಿದ, ಆಮೇಲೆ ಪಾಠವನ್ನೂ ಮಾಡಿದ ಖಾಸಗಿ ಡಿಗ್ರಿ ಕಾಲೇಜು ಈಗ ಇಲ್ಲ. ಆ ಕಟ್ಟಡ ಕಲ್ಯಾಣ ಮಂಟಪವಾಗಿದೆ. ಕೆಮಿಸ್ಟ್ರಿ ಲ್ಯಾಬ್ ಇದ್ದ ಕಡೆ ಈಗ ಅಡುಗೆಮನೆ. ಹೋದ ವರ್ಷ ಒಂದು ಮದುವೆಗೆ ಹೋಗಿದ್ದಾಗ ನಂಜನಗೂಡು ರಸಬಾಳೆಯ ರಸಾಯನ ಬಡಿಸಿದರು. ಆ ಕೋಣೆಯಿಂದ ಬಂದ ರಸಾಯನ ನನ್ನ ತಲೆಗೆ ಹತ್ತದೆ ನೇರವಾಗಿ ಹೊಟ್ಟೆಗೆ ಇಳಿದದ್ದು ಅದೇ ಮೊದಲು. ಎರಡನೇ ಸಲ ಹಾಕಿಸಿಕೊಳ್ಳುವಾಗ ಸಿದ್ದಣ್ಣ ನೆನಪಾದ. ಮೂರನೇ ಸಲ ಹಾಕಿಸಿಕೊಳ್ಳಲಿಲ್ಲ.

ಪೂರ್ತಿ ಹೆಸರು ದೊಡ್ಡಸಿದ್ದಯ್ಯ. ಊರು ಹೆಮ್ಮಿಗೆ. ಎಪ್ಪತ್ತೆಂಟರಲ್ಲಿ ಕೆಮಿಸ್ಟ್ರಿ ಲ್ಯಾಬಿಗೆ ಅಟೆಂಡರಾಗಿ ಸೇರಿದವನು. ಓದಿದ್ದು ಏಳನೇ ಕ್ಲಾಸು. ಹೆಗಲ ಮೇಲೆ ಸದಾ ಒಂದು ಚೌಕುಳಿ ಟವೆಲು. ಸೀಸೆಗಳ ಮೇಲಿನ ಇಂಗ್ಲಿಷು ಅವನಿಗೆ ಬೇಕಿರಲಿಲ್ಲ, ಮೂಗಿನಲ್ಲೇ ಓದುತ್ತಿದ್ದ. ಕಣ್ಣು ಉರಿಸುವ ಅಸೆಟಿಕ್ ಅನ್‌ಹೈಡ್ರೈಡಿಗೆ ಅವನಿಟ್ಟ ಹೆಸರು ಅಳುಮುಂಜಿ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ತಾಲ್ಲೂಕು ಕಚೇರಿಗೆ ವರ್ಗವಾದ ಅಪ್ಪನ ಹಿಂದೆ ಈ ಊರಿಗೆ ಬಂದ ನನಗೆ ಆ ದ್ರವದ ಸ್ಪೆಲ್ಲಿಂಗ್ ಬರುತ್ತಿತ್ತು. ಅದನ್ನು ಕಣ್ಣೀರಿಲ್ಲದೆ ಬಗ್ಗಿಸುವುದು ಬರುತ್ತಿರಲಿಲ್ಲ.

ಸಿದ್ದಣ್ಣನದೊಂದು ಕಟ್ಟಳೆ ಇತ್ತು. ಮೈಸೂರಿನಿಂದ ಬರುವ ಪರೀಕ್ಷಕರಿಗೆ, ಆಡಳಿತ ಮಂಡಳಿಯವರಿಗೆ, ಒಟ್ಟಿನಲ್ಲಿ ಹೊರಗಿನವರಿಗೆ, ಟೀ ಕೊಡುತ್ತಿದ್ದುದು ಪಿಂಗಾಣಿ ಕಪ್ಪಿನಲ್ಲಿ, ಕೆಳಗೊಂದು ಸಾಸರು ಇಟ್ಟು. ತನ್ನವರು ಅನಿಸಿದವರಿಗೆ ನೂರು ಎಂ.ಎಲ್. ಬೀಕರಿನಲ್ಲಿ. ಟೀಗೆಂದೇ ಬೇರೆ ಇಟ್ಟಿದ್ದ ಆರು ಬೀಕರುಗಳು ಅವು, ಆಸಿಡ್ಡು ಅವುಗಳ ಮುಖ ನೋಡಿರಲಿಲ್ಲ. ಮೊದಲ ಸಲ ಬೀಕರ್ ಟೀ ಸಿಕ್ಕ ದಿನ ಹುಡುಗರು ಪಾಸಾದಷ್ಟೇ ಬೀಗುತ್ತಿದ್ದರು.

ಕೊನೆಯ ವರ್ಷದ ಪ್ರಾಕ್ಟಿಕಲ್ಲಿನಲ್ಲಿ ಆಸ್ಪಿರಿನ್ ಮಾಡಬೇಕು. ಊರವರೆಲ್ಲ ತಲೆನೋವು ಹೋಗಲಿ ಎಂದು ನುಂಗುವ ಮಾತ್ರೆಯನ್ನು ನಾವು ತಲೆನೋವು ಬರಿಸಿಕೊಂಡು ತಯಾರಿಸುತ್ತಿದ್ದೆವು. ಸ್ಯಾಲಿಸಿಲಿಕ್ ಆಸಿಡ್ ಎರಡು ಗ್ರಾಂ, ಅದರ ಮೇಲೆ ಅಳುಮುಂಜಿ, ನಾಲ್ಕೈದು ತೊಟ್ಟು ಸಲ್ಫ್ಯೂರಿಕ್ ಆಸಿಡ್. ಕಾಲು ಗಂಟೆ ಬಿಸಿನೀರಿನಲ್ಲಿ ಇಟ್ಟು, ಐಸ್‌ಕ್ಯಾಂಡಿ ಅಂಗಡಿಯಿಂದ ತಂದ ಐಸು ಹಾಕಿದ ನೀರಿಗೆ ಸುರಿದರೆ ಬಿಳಿ ಪುಡಿ ಕೂರುತ್ತದೆ. ಅದು ಕಚ್ಚಾ ಮಾಲು. ಅದನ್ನು ಸೋಸಿ, ಬಿಸಿ ಸ್ಪಿರಿಟ್ಟಿನಲ್ಲಿ ಕರಗಿಸಿ, ನೀರು ಬೆರೆಸಿ, ಮತ್ತೆ ಹರಳು ಕಟ್ಟಿಸಬೇಕು. ಕೊಳೆಯೆಲ್ಲ ನೀರಿನಲ್ಲೇ ಉಳಿದು ಶುದ್ಧವಾದದ್ದು ಮಾತ್ರ ಹರಳಾಗುತ್ತದೆ. ಕೊನೆಗೆ ಚಿಟಿಕೆ ಹರಳಿಗೆ ಫೆರಿಕ್ ಕ್ಲೋರೈಡ್ ಹಾಕಿ ನೋಡುವುದು. ಬಣ್ಣ ಬರದಿದ್ದರೆ ಶುದ್ಧ, ನೇರಳೆ ಬಂದರೆ ಕಲಬೆರಕೆ. ಗುಟ್ಟು ಇರುವುದು ಆ ಎರಡನೇ ಹರಳು ಕಟ್ಟಿಸುವುದರಲ್ಲಿ. ಎಲ್ಲರೂ ಅವಸರಕ್ಕೆ ಅಲ್ಲೂ ಐಸು ಸುರಿಯುತ್ತಿದ್ದರು. ಸಿದ್ದಣ್ಣ ಫ್ಲಾಸ್ಕನ್ನು ಟವೆಲಿನಲ್ಲಿ ಸುತ್ತಿ ಮೂಲೆಗಿಡುತ್ತಿದ್ದ.

“ಬಾಣಂತಿ ಅಂಗೆ ಬೆಚ್ಚಗೆ ಮಡಗಿದ್ರೆ ಸೂಜಿ ಉಟ್ತವೆ, ಅರ್ಜೆಂಟ್ ಮಾಡಿದ್ರೆ ರವೆ,” ಎನ್ನುತ್ತಿದ್ದ. ಮುಕ್ಕಾಲು ಗಂಟೆಯ ಮೇಲೆ ಟವೆಲು ಬಿಚ್ಚಿ ಫ್ಲಾಸ್ಕನ್ನು ಕಿಟಕಿಗೆ ಹಿಡಿದರೆ ಒಳಗೆ ಉದ್ದುದ್ದ ಬೆಳ್ಳಿ ಸೂಜಿಗಳು. ನಮ್ಮೂರ ಸಂಗಮದಲ್ಲಿ ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತವಾಗಿದೆ ಎನ್ನುತ್ತಾರೆ. ಅದು ಗುಪ್ತವಾಗಿರುವುದು ತನ್ನ ಫ್ಲಾಸ್ಕಿನಲ್ಲಿ ಎಂದು ಸಿದ್ದಣ್ಣನ ವಾದ. ತೂಕ ಮಾಡಿ ಇಳುವರಿಯನ್ನು ಗ್ರಾಂನಲ್ಲಿ ಬರೆಯುವಾಗ ರೈತರ ಮಕ್ಕಳನ್ನು ಕಿಚಾಯಿಸುತ್ತಿದ್ದ: “ಎಕರೆ ಲೆಕ್ಕ ಅಲ್ಲ ಕಣ್ಲಾ, ಗ್ರಾಮದ ಲೆಕ್ಕ ಏಳು.”

ಇನ್ನು ಕಂದು ಸೀಸೆ. ಪ್ರತಿ ವರ್ಷ ಪರೀಕ್ಷೆ ಮುಗಿದು, ಅಂಕ ಹಾಕಿ, ಪರೀಕ್ಷಕರು ಬಸ್ಸು ಹತ್ತಿದ ಮೇಲೆ ಮೇಜಿನ ಮೇಲೆ ಉಳಿದ ಒಳ್ಳೆಯ ಹರಳುಗಳನ್ನು ಅವನು ಆ ಸೀಸೆಗೆ ತುಂಬಿಡುತ್ತಿದ್ದ. ಮುಂದಿನ ವರ್ಷ ಯಾರದಾದರೂ ಫ್ಲಾಸ್ಕು ಒಡೆದು, ಸೋಸುವ ಕಾಗದ ಹರಿದು, ಕಣ್ಣು ತುಂಬಿ ನಿಂತಿದ್ದರೆ ಸಿದ್ದಣ್ಣ ಮೇಜು ಒರೆಸುತ್ತ ಆ ಕಡೆ ಹಾದುಹೋಗುತ್ತಿದ್ದ. ಹಾದುಹೋದ ಮೇಲೆ ಕಾಗದದ ಮೇಲೆ ಒಂದು ಚಮಚದಷ್ಟು ಹರಳಿರುತ್ತಿತ್ತು. ಕೇಳಿದವರಿಲ್ಲ, ಹೇಳಿದವರಿಲ್ಲ. ತೊಂಬತ್ತೊಂದರಲ್ಲಿ ಹಾಗೆ ಇಬ್ಬರ ಪಕ್ಕ ಹಾದುಹೋದ. ಒಬ್ಬ ಹುಲ್ಲಹಳ್ಳಿಯ ನಂಜೇಶ. ಇನ್ನೊಬ್ಬ ನಾನು.

ನಂಜೇಶ ಮಠದ ಹಾಸ್ಟೆಲಿನಲ್ಲಿದ್ದ ಹುಡುಗ. ಮೂರು ವರ್ಷ ಸಿದ್ದಣ್ಣನ ಬುತ್ತಿಯಲ್ಲಿ ಅರ್ಧ ಅವನದು. ಟವೆಲು ಸುತ್ತುವ ವಿದ್ಯೆಯನ್ನು ಸಿದ್ದಣ್ಣ ತಾಳ್ಮೆಯಿಂದ ಕಲಿಸಿದ್ದು ಅವನೊಬ್ಬನಿಗೇ. ಎಂ.ಎಸ್ಸಿ. ಮುಗಿಸಿ ತೊಂಬತ್ತಾರರಲ್ಲಿ ನಂಜೇಶ ಇದೇ ಕಾಲೇಜಿಗೆ ತಾತ್ಕಾಲಿಕ ಲೆಕ್ಚರರಾಗಿ ಬಂದ. ಅದೇ ವರ್ಷ ನಾನೂ ಪಕ್ಕದ ಫಿಸಿಕ್ಸ್ ಲ್ಯಾಬಿಗೆ ಬಂದೆ. ಎರಡು ಲ್ಯಾಬಿಗೂ ನಡುವೆ ಒಂದು ಬಾಗಿಲು, ಅದು ಮುಚ್ಚುತ್ತಿರಲಿಲ್ಲ. ದಿನಾ ಹನ್ನೊಂದಕ್ಕೆ ಮೂರು ಬೀಕರ್ ಟೀ. ತಾನು ಸಾಕಿದ ಇಬ್ಬರೂ ಮೇಷ್ಟ್ರುಗಳಾದರಲ್ಲ ಎಂದು ಸಿದ್ದಣ್ಣ ಹೆಮ್ಮಿಗೆ ಬಸ್ಸಿನಲ್ಲಿ ಹೇಳದ ದಿನವಿರಲಿಲ್ಲವಂತೆ. ನನಗೆ ನಂಜೇಶನ ಮೇಲೆ ಒಂದೇ ಅಸೂಯೆ: ಅವನ ಟೀಗೆ ಸಕ್ಕರೆ ಹೆಚ್ಚು.

ಎರಡು ಸಾವಿರದ ಮೂರರಲ್ಲಿ ಸಿದ್ದಣ್ಣನ ಮಗಳು ಅರ್ಪಿತ ಕೊನೆಯ ವರ್ಷದ ಬಿ.ಎಸ್ಸಿ.ಯಲ್ಲಿದ್ದಳು. ಮಾತು ಕಡಿಮೆ, ಕೈ ಅಪ್ಪನದೇ. ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಬೇಕೆಂಬುದು ಅವಳ ಆಸೆ. ಸೀಟು ಸಿಗುವುದು ಅಂಕದ ಮೇಲೆ. ಒಂದೊಂದು ಅಂಕಕ್ಕೂ ಹತ್ತಾರು ಜನ ಮೇಲೆ ಕೆಳಗೆ ಆಗುತ್ತಿದ್ದರು. ಥಿಯರಿ ಚೆನ್ನಾಗಿ ಆಗಿತ್ತು, ಪ್ರಾಕ್ಟಿಕಲ್ಲು ಉಳಿದಿತ್ತು.

ಪರೀಕ್ಷೆಗೆ ವಾರವಿರುವಾಗ ಸಿದ್ದಣ್ಣ ಕಂದು ಸೀಸೆಯನ್ನು ಸಿಂಕಿಗೆ ಬಗ್ಗಿಸಿ, ತೊಳೆದು, ಬೋರಲು ಹಾಕಿದ. ಏಕೆಂದು ಕೇಳಿದೆ.

“ಮಗಳು ಕುಂತಿರೋ ಪರೀಕ್ಸೇಲಿ ಅಪ್ಪನ ಸೀಸೆ ಇರಬಾರ್ದು ಸಾ,” ಅಂದ.

ನಾನು ಮೆಚ್ಚಿ ತಲೆದೂಗಿದೆ. ನಂಜೇಶನಿಗೆ ಇದು ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ಮೈಸೂರಿನಿಂದ ಪರೀಕ್ಷಕರು ಬಂದರು. ಒಳಗಿನ ಪರೀಕ್ಷಕ ನಂಜೇಶ. ಅರ್ಪಿತಳ ಪಕ್ಕದ ಮೇಜು ನಂದಿತಾಳದು. ಅವಳು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರ ಮಗಳು. ಅಧ್ಯಕ್ಷರು ನಂಜನಗೂಡಿನ ವರ್ತಕರು, ನಂಜೇಶನ ಕೆಲಸ ಕಾಯಂ ಮಾಡುವ ಕಾಗದ ಆರು ತಿಂಗಳಿಂದ ಅವರ ಮೇಜಿನ ಮೇಲಿತ್ತು. ನಂದಿತಾ ಒಳ್ಳೆಯ ಹುಡುಗಿ, ಆದರೆ ಅವತ್ತು ಗಾಬರಿಯಲ್ಲಿ ಬಿಸಿ ಫ್ಲಾಸ್ಕಿಗೇ ಐಸು ಸುರಿದಳು. ಬಂದದ್ದು ಹಳದಿ ಹೊಡೆದ ಒದ್ದೆ ರವೆ. ಅರ್ಪಿತ ಮನೆಯಿಂದ ಅಪ್ಪನ ಹಳೇ ಟವೆಲಿನ ತುಂಡು ತಂದಿದ್ದಳು. ಫ್ಲಾಸ್ಕು ಸುತ್ತಿ ಮೂಲೆಗಿಟ್ಟು ಕೈಕಟ್ಟಿ ಕೂತಳು. ಆಮೇಲೆ ಸೂಜಿಗಳನ್ನು ಸೋಸಿ, ಮೂಲೆಯಲ್ಲಿ ಪೆನ್ಸಿಲಿನಿಂದ ತನ್ನ ನಂಬರು ಬರೆದ ಕಾಗದದ ಮೇಲೆ ಹರಡಿದಳು.

ಎಲ್ಲರ ಕಾಗದಗಳೂ ಒಣಗಲು ಒಳಕೋಣೆಯ ಓವನ್ನಿಗೆ ಹೋದವು. ಓವನ್ನಿನ ಶಾಖ ನೋಡಿ ಬರುತ್ತೇನೆಂದು ನಂಜೇಶ ಒಳಗೆ ಹೋಗಿ ಬಂದ. ಬಂದವನು ಎಲ್ಲರಿಗೂ ಟೀ ತರಲು ಸಿದ್ದಣ್ಣನಿಗೆ ಹೇಳಿದ. ಟೀ ಕೊಟ್ಟಾದ ಮೇಲೆ ಸಿದ್ದಣ್ಣ ಓವನ್ನಿನಿಂದ ಒಣಗಿದ ಕಾಗದಗಳ ಟ್ರೇ ಹೊತ್ತು ತಂದ.

ನಾನು ನಡುಬಾಗಿಲಲ್ಲಿ ನಿಂತಿದ್ದೆ. ಟ್ರೇ ಹಿಡಿದು ನಾಲ್ಕು ಹೆಜ್ಜೆ ಬಂದ ಸಿದ್ದಣ್ಣ ನಿಂತುಬಿಟ್ಟ. ಸೂಜಿಗಳಿದ್ದವು, ಆದರೆ ಅವು ಮಲಗಿದ್ದ ಕಾಗದದ ನಂಬರು ಬೇರೆ. ಮಗಳ ನಂಬರಿನ ಕಾಗದದ ಮೇಲೆ ಹಳದಿ ರವೆ. ಅವನು ನಂಜೇಶನನ್ನು ನೋಡಿದ. ನಂಜೇಶ ಹಾಜರಿ ಪಟ್ಟಿ ನೋಡುತ್ತಿದ್ದ. ಸಿದ್ದಣ್ಣ ಕಾಗದಗಳನ್ನು ಒಂದೊಂದಾಗಿ ಆಯಾ ಮೇಜಿಗೆ ಇಟ್ಟ. ಅರ್ಪಿತ ತನ್ನ ಮುಂದಿನ ರವೆ ನೋಡಿದಳು, ಅಪ್ಪನ ಮುಖ ನೋಡಿದಳು, ಕೈಯೆತ್ತಲಿಲ್ಲ. ಫೆರಿಕ್ ಕ್ಲೋರೈಡ್ ಹಾಕಿದಳು. ಬದನೆಕಾಯಿ ನೇರಳೆ. ನೇರಳೆ ಬಂತು, ಮಾದರಿ ಶುದ್ಧವಿಲ್ಲ ಎಂದು ತಾನೇ ಬರೆದಳು. ಪರೀಕ್ಷಕರು ಸಾಸರಿನಲ್ಲಿ ಕಪ್ಪು ಇಟ್ಟು, ನಂದಿತಾಳ ಕಾಗದವನ್ನು ಬೆಳಕಿಗೆ ಹಿಡಿದು, ಇಂಥ ಹರಳು ನೋಡಿ ವರ್ಷಗಳಾದವು ಎಂದರು. ನಂದಿತಾ ತಲೆ ತಗ್ಗಿಸಿದಳು.

ಅವತ್ತು ಸಂಜೆ ಹೆಮ್ಮಿಗೆ ಬಸ್ಸಿನಲ್ಲಿ ಆದದ್ದನ್ನು ಸಿದ್ದಣ್ಣನೇ ನನಗೆ ಹೇಳಿದ. ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳಂತೆ: “ಅಪ್ಪಾ, ಅಂಗೆ ಮಾಡು ಅಂತ ನಿಂಗೆ ಯಾರು ಏಳಿದ್ರು?”

ಟ್ರೇ ಹೊತ್ತವನು ಅವನೇ. ಅವಳ ಕಣ್ಣಿಗೆ ಬೇರೆ ಯಾವ ಕೈಯೂ ಕಂಡಿರಲಿಲ್ಲ. ಬಾಯಿ ಬಿಟ್ಟರೆ ಅಪ್ಪನ ಕೆಲಸ ಹೋಗುತ್ತದೆಂದು ಅವಳು ಪರೀಕ್ಷೆಯಲ್ಲಿ ಸುಮ್ಮನಿದ್ದಳು.

ಮಾರನೆಯ ದಿನ ಸಿದ್ದಣ್ಣ ಟೀ ಮಾಡಲಿಲ್ಲ. ಹನ್ನೊಂದಕ್ಕೆ ನಂಜೇಶನ ಮುಂದೆ ಬಂದು ನಿಂತ. ನಾನು ನನ್ನ ಲ್ಯಾಬಿನಲ್ಲಿ ಲೆನ್ಸು ಒರೆಸುತ್ತಿದ್ದೆ, ಎಲ್ಲ ಕೇಳುತ್ತಿತ್ತು.

“ಸೂಜಿ ನಂಗೊತ್ತಾಗಲ್ವಾ ನಂಜೇಶಪ್ಪ?”

ನಂಜೇಶ ಅಲ್ಲಗಳೆಯಲಿಲ್ಲ. ದನಿ ತಗ್ಗಿಸಿ ಅಂದ: “ಸೀಸೇಲಿ ಇದ್ದಿದ್ರೆ ಅದ್ರಲ್ಲೇ ಒಂದು ಚಮಚ ಹಾಕ್ತಿದ್ದೆ ಸಿದ್ದಣ್ಣ. ನೋಡಿದ್ರೆ ಸೀಸೆ ಬೋರಲು. ಯಾಕೆ ಖಾಲಿ ಮಾಡ್ದೆ ನೀನು?” ಮತ್ತೆ ಅಂದ: “ತೊಂಬತ್ತೊಂದರಲ್ಲಿ ನನಗೆ ಹಾಕಿದ್ಯಲ್ಲ, ಅದೂ ನಾನು ಮಾಡಿದ್ದಲ್ಲ. ನೀನು ಮಾಡಿದ್ದನ್ನೇ ನಾನೂ ಮಾಡ್ದೆ.”

“ನಾನು ಉಂಡು ಎದ್ದೋರ ಪಾತ್ರೇಲಿ ಉಳ್ದಿದ್ದ ಬಡಿಸ್ದೆ ಕಣಪ್ಪ,” ಅಂದ ಸಿದ್ದಣ್ಣ. “ಉಣ್ತಾ ಕುಂತೋರ ಎಲೆಗೆ ಕೈ ಆಕ್ಲಿಲ್ಲ.”

ನಂಜೇಶ ಕಿಟಕಿಯ ಕಡೆ ತಿರುಗಿದ. ಯಾರಿಗೆ ಹೇಳಿದರೂ ಮೊದಲು ಸೀಸೆಯ ವಿಷಯ ಬರುತ್ತದೆ, ಹೋಗುವುದು ನಿನ್ನ ಕೆಲಸವೇ ಎಂದ. ಅದು ಬೆದರಿಕೆಯಾಗಿರಲಿಲ್ಲ. ಪಾಠ ಹೇಳುವಂತೆ ನಿಧಾನವಾಗಿ, ಸರಿಯಾಗಿಯೇ ಹೇಳಿದ.

ಆ ಸಂಜೆ ಸಿದ್ದಣ್ಣ ಮಗಳಿಗೆ ಎಲ್ಲ ಹೇಳಿದ, ಸೀಸೆಯದನ್ನೂ ಸೇರಿಸಿ. ಅವಳಿಗೆ ಸೀಸೆಯ ಸುದ್ದಿ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಎಲ್ಲ ಕೇಳಿ ಒಂದೇ ಮಾತು ಅಂದಳಂತೆ: “ಅಂದ್ರೆ ನೀನು ಸೀಸೆ ಚೆಲ್ದೇ ಇದ್ದಿದ್ರೆ ನಂದು ಉಳೀತಿತ್ತು.”

“ಊಂ ಕೂಸೇ, ಉಳೀತಿತ್ತು,” ಅಂದನಂತೆ ಇವನು.

ಮೂರನೇ ದಿನ ಸಿದ್ದಣ್ಣ ನನ್ನ ಲ್ಯಾಬಿಗೆ ಬಂದ. ಕೈಯಲ್ಲಿ ಬೀಕರ್ ಟೀ, ಕಂಕುಳಲ್ಲಿ ಎರಡು ಬಿಳಿ ಹಾಳೆ. ಯೂನಿವರ್ಸಿಟಿಗೆ ಒಂದು ಅರ್ಜಿ ಬರೆದುಕೊಡಬೇಕು ಎಂದ. ಸೀಸೆ ಇಟ್ಟಿದ್ದು ತಾನು, ವರ್ಷಾವರ್ಷ ಹಾಕಿಕೊಟ್ಟದ್ದು ತಾನು, ಈ ಸಲ ಕೈ ಹಾಕಿದ್ದು ಯಾರು, ಎಲ್ಲ ಬರೆಯಬೇಕು. ತನ್ನ ಕೆಲಸ ಹೋದರೆ ಹೋಗಲಿ, ಮಗಳಿಗೆ ಇನ್ನೊಂದು ಸಲ ಪ್ರಯೋಗ ಮಾಡಲು ಬಿಡಲಿ.

“ನಂಗೆ ಅಂಗೆಲ್ಲಾ ಬರ್ಯಕ್ಕೆ ಬರಾಕಿಲ್ಲ. ನೀವು ಕಾನ್ವೆಂಟು. ಇಂಗ್ಲೀಸಲ್ಲಿ ಬರ್ದ್ರೆ ಓದ್ತಾರೆ ಸಾ.”

ಬರೆಯೋಣ, ಅದಕ್ಕೇನು, ನಾಳೆ ಬರೆದುಕೊಡುತ್ತೇನೆ ಎಂದೆ. ಟೀ ಕುಡಿದು ಬೀಕರು ಕೊಟ್ಟೆ.

ಮನೆಯಲ್ಲಿ ಕೂತು ಬರೆಯಲು ಶುರುಮಾಡಿದ್ದು ನಿಜ. ಎರಡನೇ ಸಾಲಿಗೆ ತೊಂಬತ್ತೊಂದು ಬಂತು. ಯಾರಿಗೆ ಹಾಕಿಕೊಟ್ಟೆ ಎಂದು ಯೂನಿವರ್ಸಿಟಿ ಕೇಳಿದರೆ ಅವನು ಸುಳ್ಳು ಹೇಳುವವನಲ್ಲ. ನನ್ನ ಬಿ.ಎಸ್ಸಿ. ಆ ಚಮಚದ ಮೇಲೆ ನಿಂತಿತ್ತು, ಬಿ.ಎಸ್ಸಿ. ಮೇಲೆ ಎಂ.ಎಸ್ಸಿ., ಅದರ ಮೇಲೆ ಈ ಕೆಲಸ, ಕೆಲಸದ ಮೇಲೆ ಅದೇ ಅಧ್ಯಕ್ಷರು. ಪೆನ್ನಿನ ಕ್ಯಾಪು ಹಾಕಿದೆ.

ಮರುದಿನ ಅವನು ನಡುಬಾಗಿಲಲ್ಲಿ ನಿಂತ. ಪ್ರಿನ್ಸಿಪಾಲರು ಕರೆದಿದ್ದಾರೆ ಎಂದು ಎದ್ದೆ. ಅದರ ಮರುದಿನ ಜ್ವರ ಎಂದು ರಜೆ ಹಾಕಿದೆ. ಸೋಮವಾರ, ಇಂಗ್ಲಿಷಿನಲ್ಲಿ ಇಂಥ ಅರ್ಜಿ ಬರೆಯುವುದು ಸೂಕ್ಷ್ಮದ ಕೆಲಸ, ಆತುರ ಮಾಡಬಾರದು ಎಂದೆ. ಆತುರ ಮಾಡಬಾರದೆಂದು ಸಿದ್ದಣ್ಣನಿಗೆ ಹೇಳಿದೆ. ಅವನು ಆಯ್ತು ಬುಡಿ ಅಂದ. ಅಂಕಪಟ್ಟಿ ಮೈಸೂರಿಗೆ ಹೋಯಿತು.

ಅರ್ಪಿತಳಿಗೆ ಎರಡು ಅಂಕದಲ್ಲಿ ಸೀಟು ತಪ್ಪಿತು. ಬಿ.ಎಡ್. ಮಾಡಿಕೊಂಡು ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ಅಪ್ಪನೊಡನೆ ಮಾತು ನಿಲ್ಲಿಸಲಿಲ್ಲ, ಆದರೆ ಕೆಮಿಸ್ಟ್ರಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲವಂತೆ. ನಂಜೇಶನ ಕೆಲಸ ಜೂನಿನಲ್ಲಿ ಕಾಯಂ ಆಯಿತು. ಅದೇ ಮಂಡಳಿಯ ಇನ್ನೊಂದು ಕಾಲೇಜಿಗೆ, ನಂಜನಗೂಡಿಗೆ, ಮುಖ್ಯಸ್ಥನಾಗಿ ಹೋದ. ಹೋಗುವ ದಿನ ಸಿದ್ದಣ್ಣನ ಕಾಲು ಮುಟ್ಟಲು ಬಗ್ಗಿದ. ಸಿದ್ದಣ್ಣ ಕಾಲು ಹಿಂದೆಗೆದುಕೊಳ್ಳಲಿಲ್ಲ, ಆಶೀರ್ವಾದವನ್ನೂ ಮಾಡಲಿಲ್ಲ, ಒರೆಸುತ್ತಿದ್ದ ಮೇಜು ಒರೆಸುತ್ತಲೇ ಇದ್ದ.

ಸಿದ್ದಣ್ಣ ನಿವೃತ್ತನಾಗಲು ಇನ್ನೂ ನಾಲ್ಕು ವರ್ಷವಿತ್ತು. ಆ ನಾಲ್ಕು ವರ್ಷವೂ ಅವನು ನನಗೆ ಒಂದು ಕಟು ಮಾತು ಆಡಲಿಲ್ಲ, ಯಾವ ಕೆಲಸಕ್ಕೂ ಇಲ್ಲವೆನ್ನಲಿಲ್ಲ. ಆ ವರ್ಷದ ರಜೆ ಮುಗಿದು ಕಾಲೇಜು ತೆರೆದ ಮೊದಲ ದಿನ ಹನ್ನೊಂದಕ್ಕೆ ಸರಿಯಾಗಿ ನಡುಬಾಗಿಲಿನಿಂದ ಟೀ ತಂದ. ಮೇಜಿನ ಮೇಲೆ ಕಾಗದ ಸರಿಸಿ ಜಾಗ ಮಾಡಿ, ಎರಡು ಕೈಯಲ್ಲಿ ಇಟ್ಟ.

“ತಕಳಿ ಸಾರ್,” ಅಂದ.

ಕಪ್ಪು, ಸಾಸರು. ಸಕ್ಕರೆ ಹದವಾಗಿತ್ತು.