ವಿಜಯನಗರದಲ್ಲಿ ಜಾಜಿಯ ಕೂಗು

ಶಿವಮೊಗ್ಗದಿಂದ ಬೆಳಿಗ್ಗೆ ಆರಕ್ಕೆ ಹೊರಟ ಕೆಂಪು ಬಸ್ಸು ಮೈಸೂರು ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ತೊಂಬತ್ತರ ದಶಕದ ಕೊನೆಯ ಮಾತು. ಹೆಣ್ಣುಮಕ್ಕಳ ಕಾಲೇಜೊಂದರವರು ಆದಿವಾಸಿ ಹೆಂಗಸರ ಮೇಲಿನ ದೌರ್ಜನ್ಯದ ಬಗ್ಗೆ ಪಾಠ ಮಾಡಲು ಕರೆದಿದ್ದರು. ನಾನು ಹುಟ್ಟಿ ಬೆಳೆದ ಊರು, ಆದರೆ ಇಳಿದುಕೊಳ್ಳಲು ಒಂದು ಮನೆಯಿರಲಿಲ್ಲ. ಸರಸ್ವತಿಪುರಂನ ನಮ್ಮ ಹಳೆಯ ಬಾಡಿಗೆ ಮನೆಯ ಮೇಲೆ ಟ್ಯುಟೋರಿಯಲ್ ಬೋರ್ಡು ನೇತಾಡುತ್ತಿತ್ತು. ಎದುರಿನ ಹೋಟೆಲಿನಲ್ಲಿ ದೋಸೆ ತಿಂದು, ಗುರುತಿನವರು ಯಾರಾದರೂ ಬಂದಾರೇ ಎಂದು ಕಾಫಿ ಆರುವವರೆಗೂ ಕೂತೆ. ಯಾರೂ ಬರಲಿಲ್ಲ. ಲಾಡ್ಜಿಗೆ ಹೋಗಿ ಮಲಗಿದೆ.

ಮಾರನೆಯ ದಿನ ಹತ್ತಕ್ಕೆ ಪಾಠ. ಕಾಡಿನಿಂದ ಎತ್ತಂಗಡಿಯಾದ ಹಾಡಿಗಳು ಎಂಬ ಆದಿವಾಸಿ ಕೇರಿಗಳು, ಅಲ್ಲಿಂದ ಪಟ್ಟಣದ ಮನೆಗೆಲಸಕ್ಕೆ ಬರುವ ಹುಡುಗಿಯರು, ಹೊಡೆತ, ಅದಕ್ಕಿಂತ ಕೆಟ್ಟದ್ದು, ಯಾರೂ ಬರೆದುಕೊಳ್ಳದ ದೂರು. ಇದು ಯಾರೋ ಒಬ್ಬ ಕೆಟ್ಟವನ ಕೆಲಸವಲ್ಲ, ಎಲ್ಲರೂ ಸೇರಿ ನಡೆಸಿಕೊಂಡು ಬಂದದ್ದು ಎಂದೆ. ಹುಡುಗಿಯರು ಶ್ರದ್ಧೆಯಿಂದ ಬರೆದುಕೊಂಡರು. ರೇಖಾ ಎಂಬವಳು, “ಮೇಡಂ, ಇದು ಪರೀಕ್ಷೆಗೆ ಬರುತ್ತಾ?” ಎಂದಳು. ನನಗೆ ಮೈ ಉರಿಯಿತು. ನನ್ನ ಪಾಠವೂ ಪರೀಕ್ಷೆಯ ನೋಟ್ಸಿನ ಹಾಗೇ ಇತ್ತೆನ್ನಿ.

ಆಮೇಲೆ ಕಾಲೇಜಿನವರು ಕರೆಸಿದ್ದ ಜಾಜಿ ಎದ್ದು ನಿಂತಳು. ಹೆಗ್ಗಡದೇವನಕೋಟೆ ಕಡೆಯ ಹಾಡಿಯವಳು. “ನನ್ ಮಗ್ಳು ಬೊಮ್ಮಿ. ಕೆಲ್ಸಕ್ಕೆ ಅಂತ ಕರ್ಕೊಂಬಂದು ಮೂರು ವರ್ಸ ಆಯ್ತು. ವಿಜಯನಗರ ಅಂದ್ರು. ಆಮೇಲೆ ಸುದ್ದೀನೇ ಇಲ್ಲ. ಪೋಲೀಸ್ನೋರು, ನೀನೇ ಕಳ್ಸಿದ್ದಲ್ವಾ ಅಂದ್ಬುಟ್ರು,” ಎಂದಳು.

ಮಧ್ಯಾಹ್ನ ಜಾಜಿಯೂ ನಾನೂ ಬೊಮ್ಮಿಯನ್ನು ಹುಡುಕಿಕೊಂಡು ಸಿಟಿ ಬಸ್ಸಿನಲ್ಲಿ ವಿಜಯನಗರಕ್ಕೆ ಹೋದೆವು. ಅಲ್ಲೇ ಮನೆಯಿದ್ದ ರೇಖಾಳೂ ಜೊತೆಗೆ ಬಂದಳು. ಹೊಸ ಬಡಾವಣೆ, ಮರವಿಲ್ಲದ ರಸ್ತೆ, ಸುಡುವ ಬಿಸಿಲು. ಮೊದಲ ಮನೆಯಾಕೆ, “ಬೊಮ್ಮಿ ಅನ್ನೋರು ಯಾರೂ ಇಲ್ಲ ಕಣ್ರೀ, ನಮ್ಮನೇಲಿರೋಳು ಲಕ್ಷ್ಮಿ,” ಎಂದರು. ಎರಡನೆಯ ಮನೆಯಲ್ಲೂ ಲಕ್ಷ್ಮಿ. ನಾನು ಮರ್ಯಾದಸ್ಥರ ಹಾಗೆ ಥ್ಯಾಂಕ್ಸ್ ಹೇಳಿ ಮುಂದೆ ನಡೆದೆ. ನಾಲ್ಕನೆಯ ಗೇಟಿನ ಬಳಿ ರೇಖಾ ನಿಂತುಬಿಟ್ಟಳು.

“ಮೇಡಂ, ನಮ್ಮನೇಲಿರೋಳ್ಗೂ ಲಕ್ಷ್ಮಿ ಅಂತೀವಿ. ಹಿಂದೆ ಇದ್ದೋಳ್ಗೂ ಅದೇ. ಕೂಗೋಕೆ ಸುಲಭ ಅಂತ ಅಜ್ಜಿ ಇಟ್ಟಿದ್ದು.”

“ಅವಳ ನಿಜವಾದ ಹೆಸರು?”

“ಕೇಳಿಲ್ಲ ಮೇಡಂ.”

ಅವಳನ್ನು ಬೈಯಲು ನನಗೆ ಬಾಯಿರಲಿಲ್ಲ. ಸರಸ್ವತಿಪುರಂನಲ್ಲಿ ನಮ್ಮ ಮನೆಗೆ ಬಂದ ಕೆಲಸದ ಹುಡುಗಿಯರೆಲ್ಲ ಪುಟ್ಟಿಯರೇ. ನಾನೂ ಕೇಳಿರಲಿಲ್ಲ.

ಬೊಮ್ಮಿಯೂ ಯಾವುದೋ ಮನೆಯ ಲಕ್ಷ್ಮಿಯಾಗಿರಬಹುದೆಂದು ಬಂದ ದಾರಿಯಲ್ಲೇ ಹಿಂದಿರುಗಿ, ಹುಡುಗಿಯನ್ನೇ ತೋರಿಸಿ ಎಂದು ಕೇಳಿದೆವು. “ನೀವೇನು ಪೋಲೀಸ್ನೋರಾ?” ಎಂದು ಒಬ್ಬರು ಬಾಗಿಲು ಹಾಕಿಕೊಂಡರು. ಜಾಜಿ ರಸ್ತೆಯ ನಡುವೆ ನಿಂತಳು. “ನೀವ್ ಸುಮ್ಕಿರಿ ಅಮ್ಮಾರೆ,” ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ ‘ಕೂ’ ಎಂದು ಕೂಗಿದಳು. ಕಾಡಿನಲ್ಲಿ ಸೌದೆಗೆ ಹೋಗಿ ಚದುರಿದ ಮಕ್ಕಳನ್ನು ಅವರು ಕರೆಯುವುದು ಹಾಗೆಯೇ ಅಂತೆ. ಒಂದೊಂದು ರಸ್ತೆಯಲ್ಲೂ ಕೂಗಿದಳು. ಬಾಲ್ಕನಿಗಳಿಂದ ಜನ ಇಣುಕಿದರು. ಬೊಮ್ಮಿ ಬರಲಿಲ್ಲ.

ರೇಖಾಳ ಮನೆಯ ರಸ್ತೆಯಲ್ಲಿ ಮಾತ್ರ ಒಂದು ಗೇಟು ತೆರೆಯಿತು. ಅವರ ಲಕ್ಷ್ಮಿ ಸೋಪಿನ ಕೈಯಲ್ಲೇ ಓಡಿ ಬಂದಿದ್ದಳು. ಜಾಜಿಯ ಮುಖ ನೋಡಿ ಅವಳ ಮುಖ ಬಾಡಿತು.

“ನಮ್ಮವ್ವ ಅನ್ಕಂಡೆ,” ಎಂದಳು.

“ನಿನ್ ಹೆಸ್ರೇನವ್ವಾ? ಯಾವ ಹಾಡಿ?”

ಹುಡುಗಿ ಮೊದಲು ರೇಖಾಳ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, “ಮಾದಿ,” ಎಂದು ಹಾಡಿಯ ಹೆಸರನ್ನೂ ಹೇಳಿದಳು. ಅವರವ್ವನಿಗೆ ತಾನೇ ಹೋಗಿ ಹೇಳುವುದಾಗಿ ಜಾಜಿ ಮಾತು ಕೊಟ್ಟಳು. ರೇಖಾ ಅಳುತ್ತಿದ್ದಳು.

ಸಂಜೆ ನನ್ನನ್ನು ಬಸ್ಸು ಹತ್ತಿಸಲು ಜಾಜಿ, ರೇಖಾ ಇಬ್ಬರೂ ಬಂದರು. ನಾಳೆ ಪಕ್ಕದ ಮೇಟಗಳ್ಳಿ ಕಡೆ ಹೋಗಿ ಕೂಗುತ್ತಾರಂತೆ. ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ಜಾಜಿ ನನ್ನತ್ತ ನೋಡದೆ, ಹಾದುಹೋಗುವ ಹುಡುಗಿಯರ ಮುಖಗಳನ್ನೇ ನೋಡುತ್ತಿದ್ದಳು.

ಆಗ ನೆನಪಾಯಿತು. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯಲ್ಲೂ ಒಂದು ಮಧ್ಯಾಹ್ನ ಇಂಥದೇ ಕೂಗು ಕೇಳಿತ್ತು. ಪಾತ್ರೆ ಉಜ್ಜುತ್ತಿದ್ದ ಪುಟ್ಟಿ ದಡಕ್ಕನೆ ಎದ್ದು ನಿಂತಿದ್ದಳು. ಯಾರೋ ಸೌದೆ ಮಾರುವವರು ಎಂದು ಅಮ್ಮ ಹೇಳಿದಳು. ಎದ್ದು ಹೋಗಿ ಕಿಟಕಿ ಮುಚ್ಚಿದವಳು ನಾನು.