ಟ್ಯಾಂಕಿನ ಮುಚ್ಚಳ ತೆರೆದ ಭಾನುವಾರ

2024ರ ಜುಲೈ 14, ಭಾನುವಾರ, ಬೆಳಗ್ಗೆ 10 ಗಂಟೆ 40 ನಿಮಿಷ. ಚೆನ್ನೈನ ರಾಯಪುರಂನಲ್ಲಿರುವ ನಮ್ಮ ಕನ್ನಡ ಶೈವ ಪ್ರಾರ್ಥನಾ ಮಂದಿರದ ಮೊದಲ ಮಹಡಿಯಲ್ಲಿ ಹತ್ತನೆಯ ನ್ಯಾಯಗೋಷ್ಠಿ ಶುರುವಾಗಿ ಹತ್ತು ನಿಮಿಷವಾಗಿತ್ತು. ನಾನು ಆ ಗೋಷ್ಠಿಗಳ ಸಂಚಾಲಕಿ. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಇದು. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಪಲ್ಲಾವರಂನ ಮನೆಯಿಂದ ಲೋಕಲ್ ಟ್ರೇನಿನಲ್ಲಿ ಬೀಚ್ ಸ್ಟೇಷನ್‌ವರೆಗೆ ಬಂದು, ಅಲ್ಲಿ ಇನ್ನೊಂದು ಟ್ರೇನ್ ಹತ್ತಿ ರಾಯಪುರಂ ತಲುಪುತ್ತಿದ್ದೆ.

ನ್ಯಾಯಗೋಷ್ಠಿ ಎಂದರೆ ನ್ಯಾಯಾಲಯದ ವಿಷಯವಲ್ಲ. ಜಾತಿ, ಹೆಣ್ಣುಮಕ್ಕಳ ಪಾಲು, ದುಡಿಮೆಯ ಮರ್ಯಾದೆ ಇಂಥ ಒಂದು ವಿಷಯ ಹಿಡಿದು ತಿಂಗಳಿಗೊಮ್ಮೆ, ಎರಡನೆಯ ಭಾನುವಾರ ಬೆಳಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ ಕೂತು ಮಾತಾಡುವುದು. ಒಬ್ಬರು ಇಪ್ಪತ್ತು ನಿಮಿಷ ವಿಷಯ ಮಂಡಿಸುತ್ತಾರೆ, ಉಳಿದ ಹೊತ್ತು ಚರ್ಚೆ. ಬರುವವರು ಬೇಳೆಕಾಳು ವ್ಯಾಪಾರಿಗಳು, ರೈಲ್ವೆ, ಬ್ಯಾಂಕು, ವಿಮೆ ಕಚೇರಿಗಳಿಂದ ನಿವೃತ್ತರಾದವರು, ಅವರ ಮಕ್ಕಳು. ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ನಾನೂ ಹಾಗೆಯೇ ಬೆಳೆದವಳು.

ನನ್ನದು ಲೆಕ್ಕ ಇಡುವ ಸ್ವಭಾವ. ಗೋಷ್ಠಿಯ ದಿನಚರಿಯಲ್ಲಿ ನಾಲ್ಕು ಕಾಲಂ ಹಾಕಿಕೊಂಡಿದ್ದೆ: ಬಂದವರು ಎಷ್ಟು, ಮಾತಾಡಿದವರು ಯಾರು, ಎಷ್ಟು ನಿಮಿಷ, ಯಾವ ಭಾಷೆಯಲ್ಲಿ. 2023ರ ಅಕ್ಟೋಬರಿನಿಂದ ಜೂನ್‌ವರೆಗೆ ಒಂಬತ್ತು ಗೋಷ್ಠಿ ನಡೆದಿದ್ದವು. ಹಾಜರಿ ಸರಾಸರಿ ಮೂವತ್ನಾಲ್ಕು. ಹೆಂಗಸರು ಎದ್ದು ಮಾತಾಡಿದ್ದು ಒಂಬತ್ತೂ ಸೇರಿ ಹನ್ನೊಂದು ಸಲ. ಈ ಅಂಕಿಯನ್ನು ಸಮಿತಿಗೆ ಕೊಟ್ಟ ವರದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು, ‘ಮಹಿಳೆಯರು ಹೆಚ್ಚು ಮುಂದೆ ಬರಬೇಕು’ ಎಂದು ಕೆಳಗೆ ಒಂದು ಸಾಲು ಸೇರಿಸಿದ್ದೆ. ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಆ ಭಾನುವಾರ ಮಂದಿರಕ್ಕೆ ಐವತ್ತು ವರ್ಷ ತುಂಬಿದ ಸಮಾರಂಭವೂ ಇತ್ತು. ಬೆಳಗ್ಗೆ ಗೋಷ್ಠಿ, ಹನ್ನೆರಡೂವರೆಗೆ ಸಭೆ, ಒಂದೂವರೆಗೆ ದಾಸೋಹ. ಮುನ್ನೂರು ಜನರ ನಿರೀಕ್ಷೆ. ನಮ್ಮಲ್ಲಿ ಪ್ರತಿ ಭಾನುವಾರದ ದಾಸೋಹಕ್ಕೆ ಅಡುಗೆಯವರನ್ನು ಕರೆಸುವ ಪದ್ಧತಿ ಇಲ್ಲ. ಮನೆಮನೆಯ ಹೆಂಗಸರೇ ಸರದಿಯಲ್ಲಿ ಮಾಡುತ್ತಾರೆ. ಆ ದಿನ ಹದಿನಾರು ಜನ ಆರು ಗಂಟೆಗೇ ಒಲೆ ಹಚ್ಚಿದ್ದರು. ಅವರ ಮುಂದಾಳು ಗೌರಕ್ಕ. ಕಲಬುರಗಿ ಕಡೆಯವರು, ಗಂಡ ರೈಲ್ವೆಯಲ್ಲಿದ್ದವರು. ಚೆನ್ನೈಗೆ ಬಂದು ಮೂವತ್ತೆರಡು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ.

ಮೇಲೆ ವಿಷಯ ಮಂಡಿಸುತ್ತಿದ್ದವರು ಮಂದಿರದ ಕಾರ್ಯದರ್ಶಿ ಶಿವಲಿಂಗಪ್ಪ. ಎಪ್ಪತ್ತೊಂದು ವರ್ಷ, ಹುಬ್ಬಳ್ಳಿ ಮೂಲ, ಬೇಳೆಕಾಳಿನ ಸಗಟು ವ್ಯಾಪಾರ. ಮಂದಿರ ಕಟ್ಟಿಸಿದವರಲ್ಲಿ ಅವರ ತಂದೆಯೂ ಒಬ್ಬರು. ಎಂಟು ತಿಂಗಳಿಂದ ಈ ಒಂದು ದಿನಕ್ಕಾಗಿ ಓಡಾಡಿದ್ದರು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅಂದಿನ ವಿಷಯ ‘ಎಲ್ಲ ಕಾಯಕವೂ ಸಮ’. ಕಾಯಕ ಎಂದರೆ ಪೂಜೆಯಷ್ಟೇ ಪವಿತ್ರವೆಂದು ತಿಳಿದು ಮಾಡುವ ದುಡಿಮೆ. ಕಾಕಾ ಚೆನ್ನಾಗಿಯೇ ಮಾತಾಡುತ್ತಿದ್ದರು. ನಾನು ನಿಮಿಷ ಬರೆದುಕೊಳ್ಳುತ್ತಿದ್ದೆ.

ಆಗ ಬಾಗಿಲಲ್ಲಿ ಗೌರಕ್ಕ ಕಾಣಿಸಿದರು. ಮೊಣಕೈವರೆಗೆ ಗೋಧಿ ಹಿಟ್ಟು, ಸೊಂಟಕ್ಕೆ ಸೆರಗು.

“ಇಲ್ಲಿ ನಿಮ್ಮ ಮಾತು ನಡದಾವ. ಅಲ್ಲಿ ಹಿತ್ತಲದಾಗ ಒಬ್ಬಾಂವ ಅಂಗಿ ಕಳದು ಸೊಂಟಕ್ಕ ಹಗ್ಗ ಕಟಗೊಳ್ಳಾಕತ್ತಾನ,” ಎಂದರು. “ಅಂವ ಎಲ್ಲಿ ಇಳ್ಯಾಕ ಹೊಂಟಾನ, ನಿಮಗ ಯಾರಿಗರ ಗೊತ್ತದ ಏನು?”

ಕಾಕಾ ಮಾತು ನಿಲ್ಲಿಸಿ ಕನ್ನಡಕ ತೆಗೆದರು. “ಗೌರವ್ವಾ, ಅದು ಟ್ಯಾಂಕಿನ ಕೆಲಸ. ಅವರು ದಿನಾ ಮಾಡೋದ ಅದು. ನೀ ಹೋಗಿ ಹುಗ್ಗಿ ನೋಡು, ತಳ ಹಿಡೀತದ.”

“ಹುಗ್ಗಿ ತಳ ಹಿಡದ್ರ ಇನ್ನೊಂದು ಹಂಡೆ ಮಾಡ್ತೀವ್ರಿ. ಅವಗ ಏನರ ಆದ್ರ ಇನ್ನೊಬ್ಬನ್ನ ಮಾಡಾಕ ಬರತದೇನು?”

ಆ ದಿನದ ಕೆಲಸಗಳ ಪಟ್ಟಿಯನ್ನು ಬರೆದವಳು ನಾನೇ. ‘6.00, ಟ್ಯಾಂಕ್ ಕ್ಲೀನಿಂಗ್’, ‘7.00, ಹೂವು’, ‘8.00, ಶಾಮಿಯಾನ’. ಕಾಕಾ ಹೇಳಿದರು, ನಾನು ಬರೆದೆ. ಟ್ಯಾಂಕನ್ನು ಯಾರು, ಹೇಗೆ ಸ್ವಚ್ಛ ಮಾಡುತ್ತಾರೆ ಎಂದು ಕೇಳಲಿಲ್ಲ. ಅದೇ ನಾನು ಏಪ್ರಿಲ್ ತಿಂಗಳ ಗೋಷ್ಠಿಯಲ್ಲಿ 2013ರ ಕಾಯ್ದೆಯ ಬಗ್ಗೆ ಹದಿನೆಂಟು ನಿಮಿಷ ಮಾತಾಡಿದ್ದೆ. ಮಲಗುಂಡಿಗೆ, ಅಂದರೆ ಸೆಪ್ಟಿಕ್ ಟ್ಯಾಂಕಿಗೆ, ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಅಪರಾಧ ಎನ್ನುವುದೇ ಆ ಕಾಯ್ದೆ. ಒಳಗೆ ಕಟ್ಟಿಕೊಂಡಿರುವ ವಿಷಾನಿಲ ಎರಡು ಮೂರು ಉಸಿರಿನಲ್ಲೇ ಆಳನ್ನು ಬೀಳಿಸಬಲ್ಲದು. ಎತ್ತಲು ಇಳಿದವನೂ ಬೀಳುತ್ತಾನೆ.

ಎಲ್ಲರಿಗಿಂತ ಮೊದಲು ನಾನು ಮೆಟ್ಟಿಲಿಳಿದೆ.

ಹಿತ್ತಲಲ್ಲಿ ಸಿಮೆಂಟಿನ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ನಲವತ್ತರ ಆಸುಪಾಸಿನ, ಬನಿಯನ್ ತೊಟ್ಟ ಒಬ್ಬ ವ್ಯಕ್ತಿ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದ. ಹಗ್ಗದ ಇನ್ನೊಂದು ತುದಿ ಅವನ ಭಾವಮೈದುನನ ಕೈಯಲ್ಲಿತ್ತು. ಅವರು ಆರಕ್ಕೆ ಬರಬೇಕಾಗಿತ್ತು, ಇನ್ನೊಂದು ಕಡೆ ಕೆಲಸ ಮುಗಿಸಿ ಬರುವಾಗ ಹತ್ತೂವರೆಯಾಗಿತ್ತು. ಕಾಲು ಇಳಿಬಿಟ್ಟಿದ್ದವನ ಹೆಸರನ್ನು ಆಮೇಲೆ ಕೇಳಿ ತಿಳಿದುಕೊಂಡೆ, ಏಳುಮಲೈ.

“ತಳ್ಳಿ ನಿಲ್ಲುಂಗಮ್ಮಾ, ನಾತ್ತಂ ಅಡಿಕ್ಕುದು,” ಎಂದ. ದೂರ ನಿಲ್ಲಿ, ವಾಸನೆ ಹೊಡೆಯುತ್ತಿದೆ ಎಂದು. ನನ್ನ ಸೀರೆಯ ಚಿಂತೆ ಅವನಿಗೆ.

ನಾನು ತಮಿಳಿನಲ್ಲೇ, ಇಳಿಯಬೇಡಿ, ಮೇಲೆ ಬನ್ನಿ ಎಂದೆ.

ಅವನು ನಕ್ಕ. “ನೀವು ಮೇಲೆ ಮೀಟಿಂಗ್ ಮಾಡಿ, ನಾನು ಕೆಳಗೆ ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ. ನೀವು ಕಳಿಸಿಬಿಟ್ಟರೆ ನಾಳೆ ಇನ್ನೊಬ್ಬನನ್ನು ಕರೆಯುತ್ತಾರೆ. ಅಷ್ಟೇ ತಾನೆ?”

ಅಷ್ಟರಲ್ಲಿ ಮೇಲಿದ್ದ ಮೂವತ್ತೊಂಬತ್ತು ಜನರೂ ಹಿತ್ತಲಿಗೆ ಇಳಿದಿದ್ದರು. ಅಡುಗೆಮನೆಯ ಹದಿನಾರೂ ಜನ ಬಾಗಿಲಿಗೆ ಬಂದಿದ್ದರು.

ಕಾಕಾರ ಮುಖ ಕೆಂಪಾಗಿತ್ತು. “ತಂಗೀ, ನಾ ಏನು ಕೊಲೆಗಾರ ಅಲ್ಲ. ಶುಕ್ರವಾರ ಲಾರಿ ತರಿಸಿದ್ದೆ. ನಮ್ಮ ಓಣಿ ನೋಡಿ ವಾಪಸ್ ಹೋದ. ಗುರುವಾರದಿಂದ ಪಾಯಖಾನಿ ಉಕ್ಕಾಕತ್ತಾವ. ಇನ್ನ ಎರಡು ತಾಸಿಗೆ ಮುನ್ನೂರು ಮಂದಿ ಬರತಾರ. ಅದರಾಗ ಮುದುಕರು, ಬಸಿರ ಹೆಂಗಸರು. ಅವರಿಗೆ ಏನು ಹೇಳಲಿ?”

ಅವರು ಹೇಳಿದ್ದು ಸುಳ್ಳಲ್ಲ. ಮಲ ಹೀರುವ ಲಾರಿಗಳ ಪೈಪು ಸಾಮಾನ್ಯವಾಗಿ ಮೂವತ್ತು ಮೀಟರ್. ನಮ್ಮ ಓಣಿಯ ಬಾಯಿಂದ ಟ್ಯಾಂಕಿಗೆ, ನಾನು ಆಮೇಲೆ ಟೇಪು ಹಿಡಿದು ಅಳೆದ ಪ್ರಕಾರ, ಎಪ್ಪತ್ತೆರಡು ಮೀಟರ್. ಅಲ್ಲೇ ನಿಂತು ಐದು ಕಡೆ ಫೋನ್ ಮಾಡಿದೆ. ಮೂವರು ಎತ್ತಲಿಲ್ಲ. ಒಬ್ಬರು ಆಗುವುದಿಲ್ಲ ಎಂದರು. ಐದನೆಯವರು ಪೈಪು ಜೋಡಿಸಿ ತರಬಲ್ಲೆ, ಆದರೆ ಸೋಮವಾರ ಒಂಬತ್ತಕ್ಕೆ ಎಂದರು.

“ಹಂಗಾದ್ರ ಇವತ್ತೊಂದು ದಿವಸ ಅಷ್ಟ,” ಎಂದು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮೆಲ್ಲಗೆ ಹೇಳಿದರು. “ಹಗ್ಗ ಕಟ್ಟಿಕೊಂಡಿದ್ದಾನಲ್ಲ. ಮುಂದಿನ ಸಲ ಮಷಿನ್ ತರಿಸೋಣ.” ನಾಲ್ಕೈದು ತಲೆ ಹೌದೆಂದು ಅಲ್ಲಾಡಿದವು. ಏಪ್ರಿಲ್‌ನಲ್ಲಿ ನನ್ನ ಭಾಷಣಕ್ಕೆ ಚಪ್ಪಾಳೆ ತಟ್ಟಿದವರ ತಲೆಗಳೇ ಅವು.

ಗೌರಕ್ಕ ಬಾಗಿಲಿನಿಂದ ಅಂಗಳಕ್ಕೆ ಇಳಿದರು. ದನಿ ಏರಿಸಲಿಲ್ಲ.

“ಕಾಕಾ, ಒಂದ ಮಾತು. ಆ ಮನಷ್ಯಾ ಒಳಗ ಇಳದ್ರ ನಾವು ಒಲಿ ಆರಸ್ತೀವಿ. ಒಂದು ಕಡೆ ಅಂವ ಅದರಾಗ ಮುಳಗಿರಬೇಕು, ಇನ್ನೊಂದು ಕಡೆ ನಾವು ಅನ್ನ ಬಸೀಬೇಕು, ಅದು ದಾಸೋಹ ಅಲ್ರಿ. ಬಂದವರಿಗೆ ಬಾಳೆಹಣ್ಣು ಕೊಟ್ಟು ಕಳಸ್ರಿ.”

ಅವರ ಹಿಂದೆ ಯಾರೋ ನಿಜವಾಗಿಯೂ ಗ್ಯಾಸಿನ ತಿರುಗಣೆ ತಿರುಗಿಸಿದರು. ದೊಡ್ಡ ಒಲೆಯ ಸದ್ದು ನಿಂತಾಗ ಬಂದರಿನ ಕಡೆಯ ಲಾರಿಗಳ ಹಾರ್ನ್ ಕೇಳಿಸಿತು. ಐವತ್ತು ವರ್ಷದಲ್ಲಿ ದಾಸೋಹದ ಒಲೆ ನಡುವೆ ಆರಿದ್ದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಗಡಿಯಾರ ನೋಡಿದೆ, 11 ಗಂಟೆ 4 ನಿಮಿಷ.

ಕಾಕಾ ಒಂದು ನಿಮಿಷ ಗುಂಡಿಯನ್ನೂ ಒಂದು ನಿಮಿಷ ಹೆಂಗಸರನ್ನೂ ನೋಡಿದರು. ಆಮೇಲೆ ಏಳುಮಲೈ ಹತ್ತಿರ ಹೋಗಿ ಅವನ ತೋಳು ಹಿಡಿದು ಎಬ್ಬಿಸಿದರು. ಅರೆಬರೆ ತಮಿಳಿನಲ್ಲಿ, “ವೇಂಡಾಂ ಅಪ್ಪಾ, ಬೇಡ. ಕೂಲಿ ಪೂರಾ ಕೊಡ್ತೀನಿ. ಮುಚ್ಚಳ ಮುಚ್ಚು,” ಎಂದರು. ಹಗ್ಗದ ಗಂಟು ಬಿಗಿದುಹೋಗಿತ್ತು. ಅದನ್ನು ಬಿಚ್ಚಿದವರೂ ಕಾಕಾನೇ.

ಆದರೆ ಮುನ್ನೂರು ಜನರ ಪ್ರಶ್ನೆ ಹಾಗೇ ಉಳಿದಿತ್ತು. ಕಾಕಾ ತಲೆಯ ಮೇಲೆ ಕೈಹೊತ್ತು ಕೂತರು. ಗೌರಕ್ಕ ಕೈ ತೊಳೆದುಕೊಂಡು ನನ್ನತ್ತ ತಿರುಗಿದರು. “ಸುಮಾ, ನಿನಗ ತಮಿಳು ಛಲೋ ಬರತದ. ನಡಿ, ಓಣ್ಯಾಗ ಕೇಳೋಣ. ಮನೀಗೊಂದು ಪಾಯಖಾನಿ ಇರತದಲ್ಲ?”

ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆ. ಹೆಚ್ಚಿನವು ಮೀನುಗಾರರವು, ಬಂದರಿನಲ್ಲಿ ದುಡಿಯುವವರವು. ಹತ್ತು ತಿಂಗಳಿಂದ ಆ ಮನೆಗಳ ಮುಂದೆ ನಡೆದುಹೋಗಿದ್ದೆ, ಒಂದು ಹೆಸರೂ ಗೊತ್ತಿರಲಿಲ್ಲ. ಮೊದಲ ಮನೆ ಫಿಲೋಮಿನಾ ಅಮ್ಮನದು. ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಆಗತಾನೆ ಬಂದಿದ್ದರು. ವಿಷಯ ಕೇಳಿ ಸೊಂಟದ ಮೇಲೆ ಕೈ ಇಟ್ಟರು.

“ಐವತ್ತು ವರ್ಷ ಗಂಟೆ ಬಾರಿಸಿದಿರಿ, ಬೆಲ್ಲದ ಪರಿಮಳ ಕಳಿಸಿದಿರಿ. ನಮ್ಮ ಕದ ತಟ್ಟಿದ್ದು ಇವತ್ತು ತಾನೆ? ಅದೂ ಕಕ್ಕಸಿಗೆ!”

ನಾನು ತಲೆ ತಗ್ಗಿಸಿದೆ. ಗೌರಕ್ಕನಿಗೆ ಮಾತು ಅರ್ಥವಾಗಿತ್ತೋ ಇಲ್ಲವೋ, ಕೈಮುಗಿದು ಕನ್ನಡದಲ್ಲೇ, “ತಪ್ಪಾತ್ರಿ ಯಕ್ಕಾ, ಊಟಕ್ಕ ಬರ್ರಿ,” ಎಂದರು. ಫಿಲೋಮಿನಾ ಅಮ್ಮ ಗೊಳ್ಳೆಂದು ನಕ್ಕು ಬಾಗಿಲು ಪೂರ್ತಿ ತೆರೆದರು. ಮುಂದಿನ ಮನೆಗಳಿಗೆ ಅವರೇ ನಮಗಿಂತ ಮುಂದೆ ನಡೆದರು.

ನನ್ನ ದಿನಚರಿಯ ಲೆಕ್ಕ ಹೀಗಿದೆ. ಹದಿನಾಲ್ಕು ಮನೆಗಳಲ್ಲಿ ಎರಡಕ್ಕೆ ಬೀಗ, ಒಂದರವರು ಒಪ್ಪಲಿಲ್ಲ, ಹನ್ನೊಂದು ಮನೆ ತೆರೆದವು. ಒಪ್ಪಿದ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಮಂದಿರದ ಯುವಕರು ಮನೆಮನೆಗೆ ನೀರು ತುಂಬಿಕೊಟ್ಟರು. 11.42ಕ್ಕೆ ಒಲೆ ಮತ್ತೆ ಹತ್ತಿತು.

ಹನ್ನೆರಡೂವರೆಗೆ ಸಭೆಯಲ್ಲಿ ಕಾಕಾ ಮೈಕ್ ಹಿಡಿದರು. ಎಂಟು ತಿಂಗಳಿಂದ ಸಿದ್ಧಪಡಿಸಿದ್ದ ಸ್ವಾಗತ ಭಾಷಣ ಅವರ ಜೇಬಿನಲ್ಲಿತ್ತು. ಅದನ್ನು ತೆಗೆಯಲಿಲ್ಲ. “ನಮ್ಮ ಪಾಯಖಾನಿ ಇವತ್ತು ಬಂದ್ ಅದಾವ,” ಎಂದು ಶುರು ಮಾಡಿದರು. “ಒಬ್ಬ ಮನಷ್ಯಾನ್ನ ಟ್ಯಾಂಕಿನ್ಯಾಗ ಇಳಸಾಕ ನಾ ಹೊಂಟಿದ್ದೆ. ನಮ್ಮ ಹೆಣ್ಣಮಕ್ಕಳು ಬಿಡಲಿಲ್ಲ. ಬೇಕಾದವರು ಓಣ್ಯಾಗ ಗುರುತು ಹಾಕಿದ ಮನೀಗೆ ಹೋಗ್ರಿ. ಅವರು ನಮಗ ಉಪಕಾರ ಮಾಡ್ಯಾರ.” ಅಷ್ಟು ಹೇಳಿ ಕೂತರು. ನಾನು ಕೇಳಿದ ಭಾಷಣಗಳಲ್ಲಿ ಅತಿ ಚಿಕ್ಕದು, ಒಂದು ನಿಮಿಷಕ್ಕೂ ಕಡಿಮೆ. ಹೆಮ್ಮೆಯಿಂದ ಬರೆಯುತ್ತೇನೆ, ನಮ್ಮ ಮಂದಿರದಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ.

ದಾಸೋಹದಲ್ಲಿ ಉಂಡವರು ಇನ್ನೂರ ಎಂಬತ್ತೇಳು ಅತಿಥಿಗಳು, ಓಣಿಯವರು ನಲವತ್ತಮೂರು. ಏಳುಮಲೈ ಮತ್ತವನ ಭಾವಮೈದುನ ಮೊದಲ ಪಂಕ್ತಿಯಲ್ಲೇ ಕೂತಿದ್ದರು. ಕಾಕಾ ಸ್ವತಃ ಹುಗ್ಗಿಯ ಸೌಟು ಹಿಡಿದು ಬಂದು ಎರಡನೆಯ ಸಲ ಬಡಿಸಲು ಹೋದಾಗ ಏಳುಮಲೈ ಎಲೆಗೆ ಅಡ್ಡ ಕೈ ಇಟ್ಟ. “ಪೋದುಂ ಅಯ್ಯಾ, ಶುಗರ್ ಇದೆ,” ಎಂದ. “ನನಗೂ ಅದ,” ಎಂದು ಕಾಕಾ ಅವನಿಗೆ ರೊಟ್ಟಿ ತರಿಸಿದರು.

ಸೋಮವಾರ ಲಾರಿ ಬಂತು. 9.20ಕ್ಕೆ ಶುರುವಾಗಿ 11.05ಕ್ಕೆ ಕೆಲಸ ಮುಗಿಯಿತು. ಟ್ಯಾಂಕಿಗೆ ಯಾರೂ ಇಳಿಯಲಿಲ್ಲ. ಆಗಸ್ಟಿನಲ್ಲಿ ಸಮಿತಿ ಎರಡು ಠರಾವು ಮಾಡಿತು. ಒಂದು, ಇನ್ನು ಮುಂದೆ ಯಾವ ಕಾರಣಕ್ಕೂ ಮನುಷ್ಯರನ್ನು ಟ್ಯಾಂಕಿಗೆ ಇಳಿಸುವಂತಿಲ್ಲ, ಓಣಿಯ ಗೋಡೆಗುಂಟ ಶಾಶ್ವತ ಪೈಪು ಹಾಕಿಸಬೇಕು. ಹಾಕಿಸಿಯೂ ಆಯಿತು.

ಎರಡನೆಯ ಠರಾವು ನಾನು ಕೇಳಿಕೊಂಡದ್ದು. ಗೋಷ್ಠಿಯ ಹೊತ್ತನ್ನು ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರಕ್ಕೆ ಬದಲಿಸುವುದು. ಸಮಾನತೆಯ ಬಗ್ಗೆ ಒಂಬತ್ತು ಸಲ ಚರ್ಚಿಸಿದ್ದೆವು, ಒಂಬತ್ತೂ ಸಲ ಅಡುಗೆಮನೆಯವರು ಒಲೆಯ ಮುಂದೆ ನಿಂತಿರುವ ಹೊತ್ತಿನಲ್ಲೇ. ಆ ಸಮಯ ಇಟ್ಟವಳು ನಾನು. ಹಾಲ್ ಆಗ ಖಾಲಿ ಇರುತ್ತದೆ ಎಂಬುದಷ್ಟೇ ನನ್ನ ಕಾರಣ. ಹೆಂಗಸರು ಮುಂದೆ ಬರಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದವಳಿಗೆ, ಅವರು ಆ ಹೊತ್ತಿಗೆ ಎಲ್ಲಿರುತ್ತಾರೆ ಎಂದು ಕೇಳಲು ತೋಚಿರಲಿಲ್ಲ. ಸೆಪ್ಟೆಂಬರಿನ ಗೋಷ್ಠಿಗೆ ಐವತ್ತೆಂಟು ಜನ ಬಂದರು, ಅಡುಗೆಮನೆಯ ಏಳು ಜನ ಮಾತಾಡಿದರು. ಫಿಲೋಮಿನಾ ಅಮ್ಮ ತಮಿಳಿನಲ್ಲಿ ಆರು ನಿಮಿಷ ಮಾತಾಡಿದರು, ಅದರಲ್ಲಿ ನಾಲ್ಕು ನಿಮಿಷ ನಮ್ಮ ಮೈಕಿನ ಸದ್ದಿನ ಬಗ್ಗೆ ದೂರು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಸಭೆ ಕರೆಯುವವರು ಬಂದವರನ್ನು ಎಣಿಸುವ ಮೊದಲು, ಆ ಹೊತ್ತಿನಲ್ಲಿ ಬರಲಾಗದವರು ಯಾರು, ಅವರ ಕೈಯಲ್ಲಿ ಆಗ ಯಾವ ಕೆಲಸವಿರುತ್ತದೆ ಎಂದು ತಿಳಿದುಕೊಳ್ಳಬೇಕು. ಈಗ ನನ್ನ ದಿನಚರಿಯಲ್ಲಿ ಅದಕ್ಕೊಂದು ಐದನೆಯ ಕಾಲಂ ಇದೆ.

ಒಂದು ಕೆಲಸ ಮಾತ್ರ ಬಾಕಿ ಉಳಿದಿದೆ. ಪೈಪಿನ ಠರಾವಿಗಾಗಿ ಮಂದಿರದ ಹಳೆಯ ನಡಾವಳಿ ಪುಸ್ತಕಗಳನ್ನು ತಿರುವಿದಾಗ ಗೊತ್ತಾಯಿತು, ಐವತ್ತು ವರ್ಷದಲ್ಲಿ ಆ ಟ್ಯಾಂಕನ್ನು ಒಂಬತ್ತು ಸಲ ಸ್ವಚ್ಛ ಮಾಡಿಸಲಾಗಿದೆ. ಹೂವು ತಂದವರ, ಶಾಮಿಯಾನ ಹಾಕಿದವರ ಹೆಸರುಗಳೆಲ್ಲ ಆ ಪುಸ್ತಕಗಳಲ್ಲಿವೆ. ಟ್ಯಾಂಕಿಗೆ ಇಳಿದವರ ಮುಂದೆ ಒಂಬತ್ತೂ ಕಡೆ ‘ಆಳು ಇಬ್ಬರು’ ಎಂದಷ್ಟೇ ಇದೆ. ಏಳುಮಲೈಯನ್ನು ಕೇಳಿದೆ. ಒಂದು ಸಲ ತನ್ನ ಚಿಕ್ಕಪ್ಪ ಬಂದಿದ್ದರೆಂದು ಹೇಳಿ ಅವರ ಹೆಸರು ಕೊಟ್ಟ, ಮಾಣಿಕ್ಕಂ. ಅದನ್ನು ಬರೆದುಕೊಂಡಿದ್ದೇನೆ. ಉಳಿದ ಹದಿನೇಳು ಹೆಸರು ಸಿಕ್ಕಿಲ್ಲ. ರಾಯಪುರಂನ ನಮ್ಮ ಓಣಿಯಲ್ಲಿ ಹಿಂದೆ ಇದ್ದವರು, ಈ ಕೆಲಸ ಮಾಡಿದವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಹೆಸರು ಗೊತ್ತಿದ್ದರೂ ಸಾಕು, ದಯವಿಟ್ಟು ಬರೆದು ತಿಳಿಸಿ. ಪುಸ್ತಕದಲ್ಲಿ ಆ ಸಾಲುಗಳ ಪಕ್ಕ ಜಾಗವಿದೆ.